ಬಾಡಿಗೆ ಆದಾಯ ಬೇಕಾ? ಮೊದಲು ನಿಮ್ಮ ಟೆರೇಸ್ ನೋಡಿ

ದಾವಣಗೆರೆಯಲ್ಲಿ ಬಾಡಿಗೆ ಆದಾಯ ಶುರು ಮಾಡಬೇಕು ಅಂತಿರುವವರು, ಸಾಲ ಮಾಡಿ ಇನ್ನೊಂದು ಮನೆ ಕೊಳ್ಳುವ ಮೊದಲು ಇರುವ ಮನೆಯ ಮೇಲೇ ಒಂದು ಬೆಡ್‌ರೂಮಿನ ಮನೆ ಕಟ್ಟುವ ಲೆಕ್ಕ ಹಾಕಿ ನೋಡಿ. ಊರೊಳಗೆ ಮನೆ ಬೆಲೆಯಲ್ಲಿ ದೊಡ್ಡ ಪಾಲು ಜಾಗದ್ದು. ಬಾಡಿಗೆಯವರು ದುಡ್ಡು ಕೊಡುವುದು ಜಾಗಕ್ಕಲ್ಲ, ರೂಮು, ನೀರು, ಬಾತ್‌ರೂಮಿಗೆ. 60 ಲಕ್ಷದ ಮನೆಗೆ ತಿಂಗಳಿಗೆ 12,000 ಬರುತ್ತದೆ ಅಂದುಕೊಳ್ಳಿ, ವರ್ಷಕ್ಕೆ ಶೇ. 2.4 ಅಷ್ಟೇ. ಅದಕ್ಕಿಂತ ಬ್ಯಾಂಕಿನ ಎಫ್‌ಡಿಯೇ ವಾಸಿ ಅಲ್ವಾ? ಅದೇ 15 ಲಕ್ಷದಲ್ಲಿ ಮೇಲೆ ಕಟ್ಟಿ 8,000 ಬಂದರೆ ಶೇ. 6.4. ಮೆಟ್ಟಿಲು ಹೊರಗಿನಿಂದಲೇ ಇರಲಿ. ಬೆಸ್ಕಾಂ ಮೀಟರ್ ಬೇರೆ ಹಾಕಿಸಿ, ಸಂಪು ಒಂದೇ ಆದರೂ ಮೇಲಿನ ಟ್ಯಾಂಕ್ ಬೇರೆ ಇಡಿ. ಜಗಳ ಜಾಸ್ತಿ ಹುಟ್ಟುವುದು ಬಾಡಿಗೆಗಲ್ಲ, ಕರೆಂಟ್ ಬಿಲ್ಲಿಗೆ ಮತ್ತು ನೀರಿಗೆ. ಆದರೆ ಪಿಲ್ಲರ್ ಇಲ್ಲದ ಹಳೇ ಗೋಡೆ ಮನೆಯಾದರೆ ಹುಷಾರು. ಮೇಸ್ತ್ರಿ "ಏನಾಗಲ್ಲ ಬಿಡಿ ಸರ್" ಅಂದರೂ ಎಂಜಿನಿಯರ್‌ಗೆ ತಳಪಾಯ ತೋರಿಸದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಖಾತೆ ಅಣ್ಣತಮ್ಮಂದಿರ ಹೆಸರಲ್ಲಿ ಒಟ್ಟಿಗೇ ಇದ್ದರೆ ಮೊದಲು ಭಾಗಪತ್ರ ಆಗಲಿ, ಇಲ್ಲದಿದ್ದರೆ ನಿಮ್ಮ ದುಡ್ಡಲ್ಲಿ ಎಲ್ಲರಿಗೂ ಮನೆ ಕಟ್ಟಿದ ಹಾಗೆ. ಪಾಲಿಕೆಯಿಂದ ಪ್ಲ್ಯಾನ್ ಮಂಜೂರಾಗಿರಬೇಕು, ಸಾಲಕ್ಕೂ ಬ್ಯಾಂಕಿನವರು ಅದನ್ನೇ ಕೇಳುತ್ತಾರೆ. ಕಾಲೇಜು, ಆಸ್ಪತ್ರೆ ದೂರ ಇರುವ ಹೊಸ ಬಡಾವಣೆಯಲ್ಲಿ ಮನೆ ತಿಂಗಳುಗಟ್ಟಲೆ ಸುಮ್ನೆ ಖಾಲಿ ಬೀಳಬಹುದು, ಹಾಗಾಗಿ 12ರ ಬದಲು 10 ತಿಂಗಳ ಬಾಡಿಗೆ ಹಿಡಿದು ಲೆಕ್ಕ ಮಾಡಿ.