ಪೊರೆ ಖಾಲಿಯಾಗಿತ್ತು, ಕಾರಣ ಬೇರೆ ಇತ್ತು

ಕ್ಯಾನ್ಸರ್ ಕೋಶಗಳು ದಾಟಿ ಇಳಿಯಬೇಕಿದ್ದ ಪೊರೆ ಮೈಕ್ರೋಸ್ಕೋಪಿನಲ್ಲಿ ಹೆಚ್ಚುಕಡಿಮೆ ಖಾಲಿ ಕಂಡ ಸಂಜೆ, ದೇರಳಕಟ್ಟೆಯಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗುವ ಬಸ್ಸಿನಲ್ಲಿ ನೇತಾಡುತ್ತಲೇ ಮನೆಗೆ ಫೋನ್ ಮಾಡಿದ್ದೆ: "ಅಮ್ಮ, ಕೆಲಸ ಆಯ್ತು." ಆಗಿರಲಿಲ್ಲ.

ನನ್ನ ಪಿಎಚ್‌ಡಿ ವಿಷಯ ಕ್ಯಾನ್ಸರ್ ಜೀವಕೋಶದ ಹೊರಮೈಯಲ್ಲಿ ಕೂತಿರುವ ಯುಪಿಎಆರ್ ಎಂಬ ಪ್ರೋಟೀನು. ಅದು ಯುಪಿಎ ಎಂಬ ಕಿಣ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಕಿಣ್ವ ಪ್ಲಾಸ್ಮಿನೋಜೆನ್ನನ್ನು ಪ್ಲಾಸ್ಮಿನ್ ಆಗಿಸುತ್ತದೆ. ಪ್ಲಾಸ್ಮಿನ್ ಸುತ್ತಲಿನ ಅಂಗಾಂಶದ ಬಲೆಯನ್ನು ಕಡಿಯುತ್ತದೆ. ಬೇಲಿ ಸವರುವ ಕತ್ತಿ ಪ್ಲಾಸ್ಮಿನ್ ಎಂದಿಟ್ಟುಕೊಂಡರೆ, ಅದನ್ನು ಕೋಶದ ಬಾಗಿಲಲ್ಲೇ ಮಸೆದು ಕೊಡುವ ಜಾಗ ಯುಪಿಎಆರ್. ಆ ಜಾಗಕ್ಕೆ ಪ್ರತಿಕಾಯ (ಗುರಿಯನ್ನು ಗುರುತಿಸಿ ಅಂಟುವ ಪ್ರೋಟೀನು, ಆ್ಯಂಟಿಬಾಡಿ) ಅಂಟಿಸಿ ಮುಚ್ಚಿದರೆ ಕೋಶ ದಾರಿ ಕಾಣದೆ ನಿಲ್ಲುತ್ತದೆಯೇ ಎಂದು ನೋಡಬೇಕಿತ್ತು.

ಬಳಸಿದ್ದು ಎಂಡಿಎ-ಎಂಬಿ-231 ಎಂಬ, ಲ್ಯಾಬಿನಲ್ಲಿ ಬೆಳೆಸುವ ಕೋಶಗಳನ್ನು. 1973ರಲ್ಲಿ ಸ್ತನ ಕ್ಯಾನ್ಸರ್ ಇದ್ದ 51 ವರ್ಷದ ಹೆಂಗಸೊಬ್ಬರ ಎದೆಗೂಡಿನಲ್ಲಿ ತುಂಬಿದ ನೀರಿನಿಂದ ತೆಗೆದ ಕೋಶಗಳು. ಅಂದರೆ ಆಗಲೇ ಊರು ಬಿಟ್ಟು ಹೊರಟವು. 8 ಮೈಕ್ರಾನ್ ತೂತುಗಳ ಪೊರೆ, ಅದರ ಮೇಲೆ ಅಂಗಾಂಶದ ಬಲೆಯನ್ನು ಹೋಲುವ ಮ್ಯಾಟ್ರಿಜೆಲ್ ಲೇಪ, ಕೆಳಗೆ ಕೋಶಗಳನ್ನು ಸೆಳೆಯಲು ಸೀರಂ. ಕೋಶ ಲೇಪವನ್ನು ಕೊರೆದು ಕೆಳಗಿಳಿಯಬೇಕು. 24 ಗಂಟೆ ಬಿಟ್ಟು, ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಹಾಕಿ, ಇಳಿದವನ್ನು ಎಣಿಸುವುದು. ಈ ಮ್ಯಾಟ್ರಿಜೆಲ್ ಇಲಿಯ ಗಡ್ಡೆಯಿಂದ ತೆಗೆದದ್ದು, ಸ್ವಲ್ಪ ಬೆಚ್ಚಗಾದರೂ ಹೆಪ್ಪುಗಟ್ಟುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಪಿಪೆಟ್ ಟಿಪ್‌ಗಳನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಹಾಕದಿದ್ದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಜೂನ್ ಬಂದರೆ ಇನ್‌ಕ್ಯುಬೇಟರಿಗೆ ಬೂಸ್ಟು, ಅದು ಬೇರೆಯೇ ಕತೆ.

ಖಾಲಿ ಪೊರೆಯ ಫೋಟೋವನ್ನು ಹೆಮ್ಮೆಯಿಂದಲೇ ಸೀನಿಯರ್ ಅಕ್ಕನಿಗೆ ತೋರಿಸಿದೆ. ಅವರು ಫೋಟೋ ನೋಡಲಿಲ್ಲ, ಪ್ರತಿಕಾಯದ ವಯಲ್ ಕೇಳಿದರು. "ಎಂತ ಮಾರಾಯ್ತಿ, ಇದರಲ್ಲಿ ಅಜೈಡ್ ಉಂಟಲ್ಲ!"

ಲೇಬಲ್ಲಿನಲ್ಲಿ ಸಣ್ಣಕ್ಷರದಲ್ಲಿತ್ತು: ಸೋಡಿಯಂ ಅಜೈಡ್, ಶೇ. 0.09. ಪ್ರತಿಕಾಯ ಕೆಡದಿರಲಿ ಎಂದು ಹಾಕುವ ವಿಷ ಅದು. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದ ಉಸಿರಾಟವನ್ನೇ ತಡೆಯುತ್ತದೆ. ನನ್ನ ವಯಲ್ ಮಿಲಿಲೀಟರಿಗೆ 0.5 ಮಿಲಿಗ್ರಾಂನದು, ಕೋಶಗಳಿಗೆ ಬೇಕಿದ್ದದ್ದು 25 ಮೈಕ್ರೋಗ್ರಾಂ. ಬರೀ 20 ಪಟ್ಟು ತೆಳು ಮಾಡಿದರೆ ಸಾಕಿತ್ತು, ಹಾಗಾಗಿ ಅಜೈಡೂ ಸಾಕಷ್ಟು ಉಳಿದಿತ್ತು. ಹೋಲಿಕೆಗೆಂದು ಇಟ್ಟ ಕಂಟ್ರೋಲ್ ವೆಲ್‌ಗೆ ಹಾಕಿದ್ದೋ ಅಜೈಡ್ ಇಲ್ಲದ ಬರೀ ಬಫರ್ ದ್ರಾವಣ. ಸತ್ತ ಕೋಶಗಳಿಗೆ ಮಾತ್ರ ಹತ್ತುವ ಟ್ರೈಪಾನ್ ಬ್ಲೂ ಬಣ್ಣದಲ್ಲಿ ಕೋಶಗಳು ಜೀವಂತವೇ ಕಂಡಿದ್ದರಿಂದ ನನಗೆ ಅನುಮಾನವೂ ಬಂದಿರಲಿಲ್ಲ. ಸತ್ತಿರಲಿಲ್ಲ, ನಡೆಯುವ ತ್ರಾಣ ಇರಲಿಲ್ಲ.

ಪ್ರೋಟೀನಿನಿಂದ ಸಣ್ಣ ಅಣುಗಳನ್ನು ಬೇರ್ಪಡಿಸುವ ಡೀಸಾಲ್ಟಿಂಗ್ ಕಾಲಮ್‌ನಲ್ಲಿ ಎರಡು ಸಲ ಹಾಯಿಸಿ ಅಜೈಡ್ ತೆಗೆದೆ. ಈ ಸಲ ಯುಪಿಎಆರ್‌ಗೆ ಅಂಟದ, ಅದೇ ಜಾತಿಯ ಪ್ರತಿಕಾಯವನ್ನೂ ಅದೇ ಕಾಲಮ್‌ನಲ್ಲಿ ಹಾಯಿಸಿ ಕಂಟ್ರೋಲ್ ಇಟ್ಟೆ. ಎರಡೂ ಪೊರೆ ಒಂದೇ ನೇರಳೆ. ವ್ಯತ್ಯಾಸವೇ ಇಲ್ಲ. ಅಮ್ಮನಿಗೆ ಹೇಳಲಿಲ್ಲ.

ಒಂದು ತಿಂಗಳು ಪ್ರತಿಕಾಯವನ್ನೇ ಬೈದೆ. ಕೊನೆಗೆ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅಳೆಯುವ ಫ್ಲೋ ಸೈಟೊಮೆಟ್ರಿಯಲ್ಲಿ ನೋಡಿದರೆ ಕೋಶದ ಮೇಲೆ ಪ್ರತಿಕಾಯ ಅಂಟುತ್ತಲೇ ಇಲ್ಲ. ತಪ್ಪು ನನ್ನ ಕೈಯಲ್ಲೇ ಇತ್ತು: ಫ್ಲಾಸ್ಕಿನಿಂದ ಕೋಶ ಬಿಡಿಸಲು ಟ್ರಿಪ್ಸಿನ್ ಎಂಬ, ಪ್ರೋಟೀನು ಕಡಿಯುವ ಕಿಣ್ವ ಹಾಕುತ್ತಿದ್ದೆ. ಯುಪಿಎಆರ್‌ಗೆ ಮೂರು ಭಾಗಗಳು. ಒಂದನೆಯದಕ್ಕೂ ಎರಡನೆಯದಕ್ಕೂ ನಡುವಿನ ಕೊಂಡಿಯನ್ನು ಟ್ರಿಪ್ಸಿನ್ ಸಲೀಸಾಗಿ ಕಡಿಯುತ್ತದೆ. ಯುಪಿಎ ಮುಖ್ಯವಾಗಿ ಕೂರುವುದು ಒಂದನೆಯದರಲ್ಲಿ, ನನ್ನ ಪ್ರತಿಕಾಯದ ಗುರಿಯೂ ಅದೇ. ಗುರಿಯನ್ನು ನಾನೇ ಕತ್ತರಿಸಿ ತೊಳೆದು ಚೆಲ್ಲಿ, ಆಮೇಲೆ ಬಾಣ ಬಿಡುತ್ತಿದ್ದೆ.

ಆಮೇಲೆ ಟ್ರಿಪ್ಸಿನ್ ಬಿಟ್ಟೆ. ಕ್ಯಾಲ್ಸಿಯಂ ಇಲ್ಲದ ಬಫರಿನಲ್ಲಿ 2 ಮಿಲಿಮೋಲಾರ್ ಇಡಿಟಿಎ (ಪ್ರೋಟೀನು ಕಡಿಯದೆ, ಕ್ಯಾಲ್ಸಿಯಂ ಹಿಡಿದುಕೊಂಡು ಕೋಶ ಬಿಡಿಸುವ ರಾಸಾಯನಿಕ), 37 ಡಿಗ್ರಿಯಲ್ಲಿ ಹತ್ತು ನಿಮಿಷ, ಫ್ಲಾಸ್ಕಿಗೆ ಅಂಗೈಯಿಂದ ನಾಲ್ಕು ತಟ್ಟು. ಫ್ಲೋ ಸೈಟೊಮೆಟ್ರಿಯ ಗ್ರಾಫಿನ ಶಿಖರ ಬಲಕ್ಕೆ ಸರಿಯಿತು, ಅಂದರೆ ಪ್ರತಿಕಾಯ ಅಂಟಿತು. ಪೊರೆಯಲ್ಲಿ ಇಳಿದ ಕೋಶಗಳೂ ಕಡಿಮೆಯಾದವು. ಮೊದಲ ದಿನದ ಹಾಗೆ ಖಾಲಿ ಅಲ್ಲ, ಕಡಿಮೆ ಅಷ್ಟೇ. ಕೋಶಕ್ಕೆ ದಾರಿ ಕಡಿಯಲು ಬೇರೆ ಕಿಣ್ವಗಳೂ ಇವೆ, ಪೂರ್ತಿ ನಿಂತಿದ್ದರೇ ಅನುಮಾನಿಸಬೇಕಿತ್ತು. ಮೂರು ಬೇರೆ ಬೇರೆ ವಾರ ಮಾಡಿದರೂ ಅದೇ ಬಂತು.

ಇಲಿಯಲ್ಲಿ ಯಾವಾಗ ಮಾಡ್ತಿ ಎಂದು ಗೈಡ್ ಕೇಳುತ್ತಿದ್ದಾರೆ. ಅಲ್ಲಿ ಇನ್ನೊಂದು ತೊಡಕು: ಮನುಷ್ಯರ ಯುಪಿಎ ಇಲಿಯ ಯುಪಿಎಆರ್‌ಗೆ ಸರಿಯಾಗಿ ಕೂರುವುದಿಲ್ಲ, ನನ್ನ ಪ್ರತಿಕಾಯವೂ ಮನುಷ್ಯರದ್ದನ್ನು ಮಾತ್ರ ಗುರುತಿಸುತ್ತದೆ. ಇಲಿಯಲ್ಲಿ ಬೆಳೆಸುವ ಗಡ್ಡೆ ಮನುಷ್ಯರ ಕೋಶಗಳದ್ದು, ಹಾಗಾಗಿ ಅದರ ಮೇಲೆ ಏನಾಯಿತೆಂದು ಕಾಣಬಹುದು. ಆರೋಗ್ಯವಂತ ಅಂಗಾಂಶಕ್ಕೆ ಏನಾದೀತು ಎಂಬುದು ಆ ಇಲಿಯಲ್ಲಿ ಕಾಣುವುದೇ ಇಲ್ಲ. ಸದ್ಯಕ್ಕೆ ಇಲಿಯ ಯುಪಿಎಆರ್‌ಗೆ ಅಂಟುವ ಇನ್ನೊಂದು ಪ್ರತಿಕಾಯ ಹುಡುಕುತ್ತಿದ್ದೇನೆ, ಅಜೈಡ್ ಇಲ್ಲದ್ದು.