ಜ್ವರದ ಕಾಲ ಇಲ್ಲಿ ಬೇರೆ: ಉಡುಪಿ, ಮಂಗಳೂರಿಂದ ಟೊರೊಂಟೊಗೆ ಬರುವವರಿಗೆ

ಊರಲ್ಲಿ ಜ್ವರ ಅಂದರೆ ಮಳೆಗಾಲ. ಜೂನ್‌ನಲ್ಲಿ ಶಾಲೆ ಶುರುವಾಗಿ ಮಕ್ಕಳು ನೆನೆದು ಬಂದರೆ ಮನೆಯವರಿಗೆಲ್ಲ ಶೀತ, ಕೆಮ್ಮು. ಆ ಲೆಕ್ಕ ಇಲ್ಲಿ ಬಿಟ್ಟುಬಿಡಿ. ಕೆನಡಾದಲ್ಲಿ ಫ್ಲೂ ಏರುವುದು ಸಾಮಾನ್ಯವಾಗಿ ನವೆಂಬರ್ ಆಮೇಲೆ, ಎಲ್ಲರೂ ಕಿಟಕಿ ಮುಚ್ಚಿ ಒಳಗೆ ಕೂತಾಗ. ಫ್ಲೂ ಲಸಿಕೆಯ ಬಲ ಬರಲು ಸುಮಾರು 2 ವಾರ ಬೇಕು. ಹಾಗಾಗಿ ಅಕ್ಟೋಬರ್ ಮುಗಿಯುವುದರೊಳಗೆ ಹಾಕಿಸಿಕೊಳ್ಳಿ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ವಾಸ ಇರುವವರಿಗೆ ಉಚಿತ, 2 ವರ್ಷ ದಾಟಿದವರಿಗೆ ಫಾರ್ಮಸಿಯಲ್ಲೇ ಸಿಗುತ್ತದೆ. ಇಲ್ಲಿಗೆ ಬಂದಿಳಿದ ಕೂಡಲೇ ಹೆಲ್ತ್ ಕಾರ್ಡ್‌ಗೆ, ಅಂದರೆ ಸರ್ಕಾರದ ಆರೋಗ್ಯ ವಿಮೆಯ ಕಾರ್ಡಿಗೆ, ಅರ್ಜಿ ಕೊಟ್ಟುಬಿಡಿ.

ಫ್ಲೂ ಶುರುವಾಯ್ತಾ ಅಂತ ವಾಟ್ಸಾಪ್ ಗುಂಪಲ್ಲಿ ಕೇಳಬೇಡಿ. ಸರ್ಕಾರ ಪ್ರತಿ ವಾರ ವರದಿ ಕೊಡುತ್ತದೆ. ಪರೀಕ್ಷೆ ಮಾಡಿದ ಸ್ಯಾಂಪಲ್‌ಗಳಲ್ಲಿ ಶೇಕಡಾ ಎಷ್ಟು ಫ್ಲೂ ಅನ್ನುವುದೊಂದನ್ನು ನೋಡಿ. ಅದು 5 ದಾಟಿತು ಅಂದರೆ ಸೀಸನ್ ಬಂತು.

"ಹಾಕಿಸಿಕೊಂಡರೂ ಬಂತಲ್ಲ" ಅನ್ನುವವರು ನಮ್ಮಲ್ಲಿ ಜಾಸ್ತಿ. ಬರಬಹುದು. ಲಸಿಕೆ ಎಷ್ಟು ಕೆಲಸ ಮಾಡಿತು ಅಂತ ತಿಳಿಯಲು, ಜ್ವರ, ಕೆಮ್ಮು ಅಂತ ಡಾಕ್ಟರ ಹತ್ತಿರ ಬಂದವರ ಮೂಗಿನ ಸ್ಯಾಂಪಲ್ ತೆಗೆದು, ಫ್ಲೂ ಇದ್ದವರಲ್ಲಿ ಎಷ್ಟು ಮಂದಿ ಲಸಿಕೆ ಹಾಕಿಸಿಕೊಂಡಿದ್ದರು, ಫ್ಲೂ ಇಲ್ಲದವರಲ್ಲಿ ಎಷ್ಟು ಮಂದಿ ಅಂತ ಹೋಲಿಸುತ್ತಾರೆ. ವೈರಸ್‌ಗೂ ಲಸಿಕೆಗೂ ಹೊಂದಿಕೆಯಾದ ವರ್ಷ ಅಪಾಯ ಶೇ. 40ರಿಂದ 60 ಕಡಿಮೆಯಾಗುತ್ತದೆ. ಲಸಿಕೆಯಲ್ಲಿ ವೈರಸ್‌ನ ಯಾವ ತಳಿ ಹಾಕಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲೇ ಹೇಳಿಬಿಡಬೇಕು, ಚಳಿಗಾಲ ಬರುವಷ್ಟರೊಳಗೆ ವೈರಸ್ ಬದಲಾದರೆ ಕಷ್ಟ. 2014-15ರಲ್ಲಿ ಎಚ್3ಎನ್2 ಅನ್ನುವ ಫ್ಲೂ ವೈರಸ್ ಹಾಗೆ ಬದಲಾಗಿ ಅಮೆರಿಕದಲ್ಲಿ ಲಸಿಕೆಯ ರಕ್ಷಣೆ ಶೇ. 19ಕ್ಕೆ ಇಳಿದಿತ್ತು. ಆದರೂ ಹಾಕಿಸಿಕೊಂಡವರು ಆಸ್ಪತ್ರೆ ಸೇರುವುದು ಕಡಿಮೆ. ನನಗೆ ಅಷ್ಟು ಸಾಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಊರಲ್ಲಿ ಮಲಗಿದರೆ ಪಕ್ಕದ ಮನೆಯ ಅಕ್ಕ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ತಂದಿಡುತ್ತಾರೆ. ಇಲ್ಲಿ ಗಂಡ ಹೆಂಡತಿ ಇಬ್ಬರೂ ಮಲಗಿದರೆ ಮಕ್ಕಳಿಗೆ ಊಟ ಹಾಕುವವರಿಲ್ಲ. ಇದಕ್ಕೆ ಯಾವ ಅರ್ಜಿ ಹಾಕಿದರೂ ಆಗುವುದಿಲ್ಲ.

ಬಾಣಂತನಕ್ಕೆ ಅಮ್ಮನೋ ಅತ್ತೆಯೋ ಬರುವುದಿದ್ದರೆ ಬಜ್ಪೆಯಲ್ಲಿ ವಿಮಾನ ಹತ್ತುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿಸಿ. ಮಳೆಗಾಲಕ್ಕೆ ಹಾಕಿಸಿಕೊಂಡಿದ್ದರೂ ತಿಂಗಳು ಕಳೆದಂತೆ ಅದರ ಬಲ ಕುಗ್ಗುತ್ತದೆ. 6 ತಿಂಗಳೊಳಗಿನ ಮಗುವಿಗೆ ಈ ಲಸಿಕೆ ಇಲ್ಲ. ಬಸುರಿ ಹಾಕಿಸಿಕೊಂಡರೆ ಅವಳಿಂದ ಮಗುವಿಗೆ ರಕ್ಷಣೆ ಹೋಗುತ್ತದೆ, ಮಿಕ್ಕಿದ್ದು ಸುತ್ತ ಇರುವವರ ಕೈಯಲ್ಲಿ. ಜ್ವರ ಇದ್ದವರು ಮಗು ನೋಡಲು ಬರುವುದು ಬೇಡ ಅಂತ ಬಾಯಿಬಿಟ್ಟು ಹೇಳಿ. ನಮ್ಮೂರಿನವರಾದರೂ ಹೇಳಿ, ಅವರಿಗೆ ಅರ್ಥವಾಗುತ್ತದೆ.