ಟ ಅಲ್ಲ, ತ: ಪೋರ್ಚುಗೀಸ್ ಕಲಿತ ನನ್ನ ಅನುಭವ

ನಮ್ಮ ಮನೆಯವರಿಗೆ ಪೋರ್ಚುಗಲ್‌ನ ಪೋರ್ತೊ ಊರಲ್ಲಿ ಕೆಲಸ ಸಿಕ್ಕಿತು. ಅವರು ಮೊದಲು ಹೋದರು. ಮಗಳ ಪರೀಕ್ಷೆ ಮುಗಿಸಿಕೊಂಡು ಹನ್ನೊಂದು ತಿಂಗಳ ಮೇಲೆ ನಾನು ಹೊರಡುವುದು ಅಂತಾಯಿತು. ಅಷ್ಟರಲ್ಲಿ ಭಾಷೆ ಕಲಿತುಬಿಡೋಣ ಅಂದುಕೊಂಡೆ. ನಾವು ಕೋಲಾರದವರು ಅಲ್ವಾ, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಜಿಎಫ್ ಕಡೆ ಹೋದರೆ ತಮಿಳು. ಇದೊಂದು ನಾಲ್ಕನೆಯದು, ಬಾರದೆ ಎಲ್ಲಿಗೆ ಹೋಗುತ್ತೆ ಅನ್ನೋ ಜಂಬ ಇತ್ತು. ಅದು ಇಳಿಯಲು ಐದು ತಿಂಗಳು ಬೇಕಾಯಿತು.

ಕಲಿಯಲು ನನಗಿದ್ದ ಹೊತ್ತು ರೈಲಿನದು ಮಾತ್ರ. ಬೆಳಿಗ್ಗೆ ಬಂಗಾರಪೇಟೆಯಲ್ಲಿ ಹತ್ತಿ ಕೃಷ್ಣರಾಜಪುರದಲ್ಲಿ ಇಳಿಯುತ್ತಿದ್ದೆ. ಟೇಕಲ್ ದಾಟುವವರೆಗೆ ಕಿವಿಗೆ ಇಯರ್‌ಫೋನ್. ಮಾಲೂರಿನಲ್ಲಿ ಜನ ನುಗ್ಗಿದ ಮೇಲೆ ಮೊಬೈಲ್ ಹಿಡಿಯೋಕೂ ಜಾಗ ಇರುತ್ತಿರಲಿಲ್ಲ. ಡುಯೊಲಿಂಗೊ ಅನ್ನೋ ಭಾಷೆ ಕಲಿಸುವ ಆ್ಯಪ್ ಹಾಕಿಕೊಂಡು ದಿನಾ ತಪ್ಪದೆ ಒತ್ತಿದೆ. ಐದು ತಿಂಗಳಾದ ಮೇಲೆ ಧೈರ್ಯ ಮಾಡಿ ಪೋರ್ತೊದಲ್ಲೇ ಇರುವ ಒಬ್ಬ ಟೀಚರ್ ಹತ್ತಿರ ಆನ್‌ಲೈನ್ ಪಾಠಕ್ಕೆ ಸೇರಿದೆ. ಮೊದಲ ದಿನ ಬಸ್ಸಿಗೆ 'ಓನಿಬುಸ್' ಅಂದೆ. ಆಯಮ್ಮ ನಕ್ಕು, ಅದು ಬ್ರೆಜಿಲ್‌ನಲ್ಲಿ, ನಮ್ಮಲ್ಲಿ 'ಔತೊಕಾರ್ರು' ಅಂದರು. ರೈಲಿಗೆ 'ತ್ರೇಂ' ಅಂದೆ, ಅದೂ ಬ್ರೆಜಿಲ್‌ದೇ. ಪೋರ್ಚುಗಲ್‌ನಲ್ಲಿ 'ಕೊಂಬೊಯು'. ಮೊಬೈಲು 'ಸೆಲುಲಾರ್' ಅಲ್ಲ, 'ತೆಲೆಮೊವೆಲ್'. ಆ ಆ್ಯಪ್ ಕಲಿಸುವುದು ಬ್ರೆಜಿಲ್ ಪೋರ್ಚುಗೀಸ್ ಅಂತ ಹೊರಡುವವರಿಗೆ ಯಾರಾದರೂ ಮೊದಲೇ ಹೇಳಬೇಕು. ನನಗೆ ಯಾರೂ ಹೇಳಲಿಲ್ಲ, ನಾನೂ ನೋಡಿಕೊಳ್ಳಲಿಲ್ಲ.

ಪದ ಬೇರೆಯಾದರೆ ಹೋಗಲಿ, ಬದಲಾಯಿಸಿಕೊಳ್ಳಬಹುದು. ಪೋರ್ಚುಗಲ್‌ನವರು ಸ್ವರಗಳನ್ನೇ ನುಂಗಿಬಿಡುತ್ತಾರೆ, ಅದೇ ಕಷ್ಟ. ಬರೆಯುವುದು 'ತೆಲೆಫೋನೆ', ಅನ್ನುವುದು 'ತ್ಲ್‌ಫೋನ್'. 'ಪೆಕೆನೊ' ಅಂದರೆ ಚಿಕ್ಕದು, ಕಿವಿಗೆ ಬೀಳುವುದು 'ಪ್ಕೇನು'. ಪದದ ಕೊನೆಯ ಸ ಎಲ್ಲಾ ಶ ಆಗುತ್ತೆ, ಮೂರು ಅನ್ನೋದು 'ತ್ರೇಶ್'. ಆದರೆ ನಾವೇನು ಕಡಿಮೆಯಾ? 'ಏನು ಮಾಡುತ್ತಿದ್ದೀಯಾ' ಅಂತ ಪುಸ್ತಕದಲ್ಲಿ ಕಲಿತವನು ಕೋಲಾರ ಬಸ್ ಸ್ಟ್ಯಾಂಡಿಗೆ ಬಂದು 'ಏನ್ಮಾಡ್ತಿದ್ಯಾ' ಕೇಳಿಸಿಕೊಂಡರೆ ಅವನಿಗೂ ಹೀಗೇ ಆಗುತ್ತೆ.

ಟೀಚರ್ ಎರಡನೇ ವಾರ ಒಂದು ಮಾತು ಹೇಳಿದರು. ನನ್ನ ತ, ದ ಎರಡೂ ಇಂಗ್ಲಿಷಿನವರ ಹಾಗೆ ಗಟ್ಟಿಯಾಗಿ ಬರುತ್ತಿವೆ ಅಂತ. ಆಗ ಹೊಳೆಯಿತು. ನಾನು ಇಂಗ್ಲಿಷ್ ಅಕ್ಷರ ನೋಡಿ ಓದುತ್ತಿದ್ದೆ. ಇಂಗ್ಲಿಷಿನ ಟೇಬಲ್‌ಗೆ ನಾವು ಟ ಹಾಕುತ್ತೇವಲ್ಲ, ಅದೇ ಚಾಳಿಯಲ್ಲಿ ನೀನು ಅನ್ನೋದಕ್ಕೆ 'ಟು', ಎರಡು ಅನ್ನೋದಕ್ಕೆ 'ಡೊಯ್ಶ್' ಅನ್ನುತ್ತಿದ್ದೆ. ಅವರದು ಹಲ್ಲಿಗೆ ನಾಲಗೆ ತಾಗಿಸುವ ತ, ದ. ಹುಟ್ಟಿದಾಗಿನಿಂದ ನನ್ನ ಬಾಯಲ್ಲೇ ಇದ್ದ ಅಕ್ಷರ! ಅವತ್ತೇ ಹಳೇ ನೋಟ್‌ಬುಕ್ ಮುಚ್ಚಿ ಹೊಸದೊಂದು ಶುರು ಮಾಡಿದೆ. ಅದರಲ್ಲಿ ಎಲ್ಲಾ ಕನ್ನಡ ಅಕ್ಷರ. ಮೊದಲು ಕೇಳುವುದು, ಕೇಳಿದಂತೆ ಕನ್ನಡದಲ್ಲಿ ಬರೆಯುವುದು, ಅವರು ಬರೆಯುವ ರೀತಿಯನ್ನು ಆಮೇಲೆ ನೋಡುವುದು. ಶಾಲೆಯಲ್ಲಿ ಯಾಕಿದೆ ಅಂತ ಬೈದುಕೊಂಡಿದ್ದ ಞ ಅಕ್ಷರಕ್ಕೂ ಕೊನೆಗೆ ಕೆಲಸ ಸಿಕ್ಕಿತು. ವೈನ್‌ಗೆ ಅವರು 'ವೀಞು' ಅನ್ನುತ್ತಾರೆ.

ಕನ್ನಡದಲ್ಲಿ ಬರೆಯಲು ನನ್ನನ್ನು ಹೆಚ್ಚು ಕಾಡಿದ್ದು ಮೂಗಿನ ಸ್ವರ. ಬ್ರೆಡ್ಡಿಗೆ ಅವರು 'ಪೌಂ' ತರಹದ ಏನೋ ಅನ್ನುತ್ತಾರೆ, ಕೊನೆಯಲ್ಲಿ ತುಟಿ ಮುಚ್ಚಬಾರದು. ನಮ್ಮ ಪಾವ್ ಭಾಜಿಯ ಪಾವ್ ಅದೇ ಪದ. ಮೂಗು ಬಿಟ್ಟು ಬರೀ 'ಪೌ' ಅಂದರೆ ಕೋಲು. ಎರಡು ತಿಂಗಳು ನಾನು ಟೀಚರ್ ಹತ್ತಿರ ಬೆಣ್ಣೆ ಹಚ್ಚಿದ ಕೋಲು ಕೇಳಿದ್ದೇನೆ. ಕೊನೆಗೆ ಅಂಥ ಅಕ್ಷರದ ತಲೆ ಮೇಲೆ ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿಕೊಂಡೆ.

ರಾತ್ರಿ ಅಡುಗೆಮನೆಯಲ್ಲಿ ಜೋರಾಗಿ ಹೇಳಿಕೊಳ್ಳುವಾಗ ಅತ್ತೆ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದರು. ಮೇಜಿಗೆ 'ಮೇಜ', ಚಾವಿಗೆ 'ಶಾವ್', ಸಾಬೂನಿಗೆ 'ಸಬೌಂ' ಅಂದಾಗ, "ಏನಮ್ಮಾ, ದುಡ್ಡು ಕೊಟ್ಟು ಕನ್ನಡ ಕಲೀತಿದ್ದೀಯಾ?" ಅಂದರು. ಮೇಸ್ತ್ರಿ, ಪಾದ್ರಿ, ಅನಾನಸ್ ಎಲ್ಲಾ ಪೋರ್ಚುಗೀಸರ ಕಡೆಯಿಂದಲೇ ಬಂದವು. ಗೋವಾ 1961ರವರೆಗೆ ಅವರ ಕೈಯಲ್ಲೇ ಇತ್ತಲ್ಲ.

ವ್ಯಾಕರಣದಲ್ಲಿ ನನಗೆ ಹೆದರಿಕೆ ಆಗಲಿಲ್ಲ. 'ಫಾಲು' ಅಂದರೆ ಮಾತಾಡ್ತೀನಿ, 'ಫಾಲಶ್' ಅಂದರೆ ಮಾತಾಡ್ತೀಯ. ನಾನು, ನೀನು ಬಾಯಿಬಿಟ್ಟು ಹೇಳಬೇಕಿಲ್ಲ, ನಮ್ಮ ಹಾಗೇ. ಮರ್ಯಾದೆಯ ಮಾತೂ ಪರಿಚಯದ್ದೇ. ಸಲಿಗೆಗೆ 'ತು'. ಗೊತ್ತಿಲ್ಲದವರಿಗೆ, ದೊಡ್ಡವರಿಗೆ 'ಉ ಸಿಞೋರ್', 'ಅ ಸಿಞೋರ' ಅಂತ ಎದುರಿಗಿದ್ದವರನ್ನೇ ಮೂರನೆಯವರ ಹಾಗೆ ಕೇಳಬೇಕು. 'ಮೇಷ್ಟ್ರು ಕಾಫಿ ಕುಡೀತಾರಾ' ಅಂತ ಮೇಷ್ಟ್ರನ್ನೇ ಕೇಳುತ್ತೇವಲ್ಲ, ಅದೇ ಧಾಟಿ. ಬ್ರೆಜಿಲ್‌ನಲ್ಲಿ ಎಲ್ಲರಿಗೂ ನಡೆಯುವ 'ವೊಸೆ' ಪೋರ್ಚುಗಲ್‌ನಲ್ಲಿ ಕೆಲವರಿಗೆ ಒರಟಾಗಿ ಕೇಳಿಸುತ್ತದಂತೆ. ಇಂಗ್ಲಿಷ್ ಮೂಲಕ ಕಲಿತಿದ್ದರೆ ಇದೆಲ್ಲಾ ತಲೆನೋವೇ. ಗಂಡು ಹೆಣ್ಣು ಮಾತ್ರ ಬಾಯಿಪಾಠ. ಮೇಜು ಹೆಣ್ಣು, ಬಸ್ಸು ಗಂಡು, ಯಾಕೆ ಅಂತ ಕೇಳಬಾರದು.

ಪೋರ್ತೊ ಕಡೆಯವರು ವ ಅನ್ನುವ ಜಾಗದಲ್ಲಿ ಬ ಅನ್ನುತ್ತಾರೆ, 'ವೀಞು' ಹೋಗಿ 'ಬೀಞು' ಆಗುತ್ತೆ. ಲಿಸ್ಬನ್‌ನವರು ಅದಕ್ಕೆ ನಗುತ್ತಾರಂತೆ. ಇದು ಮಾತ್ರ ನನಗೆ ತಲೆಗೆ ಹತ್ತಲು ಒಂದು ನಿಮಿಷವೂ ಬೇಕಾಗಲಿಲ್ಲ. ತಮಿಳಿನ 'ವಾ' ನಮ್ಮಲ್ಲಿ 'ಬಾ' ಆಗುವುದನ್ನು ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ದಿನಾ ಕೇಳುತ್ತಿದ್ದೆನಲ್ಲ.

ಅಲ್ಲಿನ ಪೌರತ್ವಕ್ಕೆ ಎ2 ಮಟ್ಟದ ಭಾಷೆ ಬೇಕು, ಅಂದರೆ ಯುರೋಪಿನ ಆರು ಮೆಟ್ಟಿಲಿನ ಅಳತೆಯಲ್ಲಿ ಕೆಳಗಿನಿಂದ ಎರಡನೆಯದು. ಅದಕ್ಕೆ ಲಿಸ್ಬನ್ ವಿಶ್ವವಿದ್ಯಾಲಯದ ಕೇಂದ್ರವೊಂದು ನಡೆಸುವ 'ಸಿಪ್ಲೆ' ಪರೀಕ್ಷೆ ಇದೆ. ಓದು ಬರಹಕ್ಕೆ 45, ಕೇಳುವುದಕ್ಕೆ 30, ಮಾತಿಗೆ 25 ಅಂಕ, ಪಾಸಾಗಲು 55. ನನಗೆ ಈಗಲೇ ಅದು ಬೇಕಿರಲಿಲ್ಲ, ಮಾದರಿ ಪ್ರಶ್ನೆಪತ್ರಿಕೆ ಮಾತ್ರ ಮಾಡಿ ನೋಡಿದೆ. ಓದಿದ್ದು ಚೆನ್ನಾಗಿಯೇ ಬಂತು, ಕೇಳಿದ್ದರಲ್ಲಿ ಅರ್ಧ ಗಾಳಿಗೆ. ಅವತ್ತಿನಿಂದ ರೈಲಿನಲ್ಲಿ ಆ್ಯಪ್ ಬಿಟ್ಟು ಅವರ ಸರ್ಕಾರಿ ವಾಹಿನಿ ಆರ್‌ಟಿಪಿಯ ರೇಡಿಯೊ ಕಾರ್ಯಕ್ರಮ ಕೇಳತೊಡಗಿದೆ. ಒಂದೇ ಹತ್ತು ನಿಮಿಷದ ತುಣುಕನ್ನು ವಾರವೆಲ್ಲಾ ಕೇಳುವುದು. ಸೋಮವಾರ ಬರೀ ಗುಜುಗುಜು. ಶುಕ್ರವಾರದ ಹೊತ್ತಿಗೆ ಪದಗಳು ಬಿಡಿಬಿಡಿಯಾಗಿ ಉದುರುತ್ತಿದ್ದವು. ನನಗೆ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ವಾರದ ಹೆಸರಲ್ಲಿ ಒಂದು ಪಾಠ ತಪ್ಪಿಸಿಕೊಂಡೆ. ಅವರ ಸೋಮವಾರಕ್ಕೆ ಗ್ರಹದ ಹೆಸರಿಲ್ಲ, 'ಸೆಗುಂದ ಫೈರ' ಅನ್ನುತ್ತಾರೆ. ಎರಡನೇ ಫೈರ. ಫೈರ ಅಂದರೆ ಸಂತೆ ಅಂತಲೂ ಅರ್ಥ. ಎಣಿಕೆ ಭಾನುವಾರದಿಂದ. ನಾನು ಸೋಮವಾರವನ್ನು ಒಂದು ಅಂತ ಹಿಡಿದು, 'ಕ್ವಾರ್ತ' ಅಂದರೆ ನಾಲ್ಕನೆಯದು, ಗುರುವಾರ ಅಂದುಕೊಂಡು ಕೂತೆ. ಪಾಠ ಬುಧವಾರವೇ ಆಗಿಹೋಗಿತ್ತು, ದುಡ್ಡೂ ಹೋಯಿತು. ಅವತ್ತೇ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಎರಡರಿಂದ ಆರು ಬರೆದೆ. ಅತ್ತೆ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದರು.

ಪೋರ್ತೊಗೆ ಬಂದ ಎರಡನೇ ವಾರ ಗ್ಯಾಸ್ ಕನೆಕ್ಷನ್‌ಗೆ ಫೋನ್ ಬಂತು. ಮನೆಯವರು ಆಫೀಸಿನಲ್ಲಿದ್ದರು. ಆ ಕಡೆಯವನು ಒಂದೇ ಉಸಿರಿಗೆ ಏನೇನೋ ಹೇಳಿದ. ನನಗೆ ಹಿಡಿದದ್ದು 'ಕಿಂತ', 'ದೆಶ್' ಎರಡೇ. ಐದನೆಯದು, ಹತ್ತು. ಅಡುಗೆಮನೆಯ ಮೇಜಿನ ಮೇಲೆ ಬೆರಳಿಟ್ಟು ಭಾನುವಾರದಿಂದ ಎಣಿಸಿ, 'ಸಿಂ, ಒಬ್ರಿಗಾದ', ಹೂಂ, ಥ್ಯಾಂಕ್ಸ್, ಅಂದು ಇಟ್ಟೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಗ್ಯಾಸಿನವನು ಬೆಲ್ ಒತ್ತಿದ.